ಕಡ ತಂದ ತಂಪು

ಗಂಡನ ಮಣ್ಣಿಗೆ ಬಂದ ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಗ್ಗೆ ತಂಪಿನವನು ಎಂದಿನಂತೆ ಗಂಟೆ ಬಾರಿಸಿದ. ಶಿವಲೀಲಾ ಕ್ಯಾನು ಹೊರಗಿಟ್ಟಳು. ಅವನು ಹೊಗೆಯಾಡುವ ದ್ರವ ನೈಟ್ರೋಜನ್ ಸುರಿದು ಮುಂದಿನ ಮನೆಗೆ ಹೋದ.

ಕ್ಯಾನಿನೊಳಗೆ ಸಾಸಿವೆಯಷ್ಟು ಡಿಸ್ಪ್ರೋಸಿಯಂ ಹರಳಿತ್ತು. ಅದರ ಒಂದೊಂದು ಅಣುವೂ ಅಯಸ್ಕಾಂತ. ಅವುಗಳಲ್ಲಿ ಅವಳ ಗಂಡ ಮಹಾಂತೇಶನ ದನಿಯಿತ್ತು. ಬಿಸಿ ತಾಗಿದರೆ ಅವು ದಿಕ್ಕು ಮರೆಯುತ್ತವೆ, ದನಿ ಅಳಿಯುತ್ತದೆ. ಒಂದೇ ಕ್ಯಾನಿನಲ್ಲಿ ಎರಡು ಹರಳಿಟ್ಟರೆ ದನಿಗಳು ಕಲಸಿಹೋಗುತ್ತವೆ. ಮನೆಯ ಕ್ಯಾನು ಸೋರತೊಡಗಿದಾಗ ಮಹಾಂತೇಶ ಇದನ್ನು ಎದುರುಮನೆಯ ನೀಲಕ್ಕನಿಂದ ಕಡ ತಂದಿದ್ದ. ಹೊಸದಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ನೀಲಕ್ಕ ಉಪ್ಪಿಟ್ಟಿನ ತಾಟು ಹಿಡಿದು ಬಂದಳು.

"ತಿನ್ನವಾ. ಕ್ಯಾನ್ ಕೊಡಾಕ ಮರತಾನ ಅಂತ ನಿನ್ನ ಗಂಡಗ ಬೈತಿದ್ದೆ. ನನ್ನ ನಾಲಿಗಿ ಸುಡ್ಲಿ."

"ನಿಮ್ಮನಿಯವರು ಹೆಂಗದಾರ್ರೀ?"

"ನಾಳೆ ಗಂಟಲದ ಆಪರೇಷನ್. ಆಮ್ಯಾಲೆ ಮಾತು ಬರಂಗಿಲ್ಲ ಅಂದಾರ. ಇವತ್ತ ಸಂಜಿಗೆ ಹರಳಿನ್ಯಾಗ ದನಿ ಹಿಡೀತಾರ." ನೀಲಕ್ಕ ಕ್ಯಾನಿನ ಕಡೆ ನೋಡಲಿಲ್ಲ. "ಇರ್ಲಿ ಬಿಡು. ಅವರ ಬೈಗಳ ಕೇಳಿ ಕೇಳಿ ಸಾಕಾಗೇತಿ ನನಗ."

ಅವಳು ಹೋದ ಮೇಲೆ ಶಿವಲೀಲಾ ಹರಳಿನ ದನಿಯನ್ನು ಒಮ್ಮೆ ಕೇಳಿದಳು.

"ಏನ್ ಮಾತಾಡ್ಲಿ? ನೀನ ಹೇಳ," ಎಂದು ಮಹಾಂತೇಶ ನಕ್ಕ. ಅಷ್ಟೇ ಇತ್ತು.

ಚಿಮಟಿಗೆಯಿಂದ ಹರಳನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಕ್ಯಾನು ಒರೆಸಿ, ಎತ್ತಿಕೊಂಡು ಓಣಿ ದಾಟಿದಳು.

"ಇವತ್ತಿನ ತಂಪು ಹಾಕ್ಸೇನ್ರಿ ಅಕ್ಕಾರ," ಎಂದು ನೀಲಕ್ಕನ ಕೈಗೆ ಕೊಟ್ಟಳು. "ನಾಳೆ ಮುಂಜಾನಿತನಕ ಸಾಲ್ತೈತಿ."