ಬಾಜು ಮನೆಯ ವೋಟು

"ಬರ್ಕೊ ತಂಗಿ, ನಮ್ಮನಿ ನಾಕೂ ವೋಟು ಆಮದಾರರಿಗೇ! ಇದ್ದ ಶಾಸಕರನ್ನ ನಾವು ಬಿಡೂದಿಲ್ಲ." ಕಟ್ಟೆಯ ಮೇಲಿದ್ದ ಧರೆಪ್ಪ ಎದೆಯುಬ್ಬಿಸಿ ಹೇಳಿದ.

ಚುನಾವಣಾ ಸಮೀಕ್ಷೆಗೆಂದು ಬೇಡಕಿಹಾಳಕ್ಕೆ ಬಂದಿದ್ದ ಸಪನಾಳಿಗೆ ಅಳು ಬರುವುದೊಂದೇ ಬಾಕಿ. ಬೆಳಿಗ್ಗೆಯಿಂದ ಎಲ್ಲ ಮನೆಯಲ್ಲೂ ಇದೇ ಉತ್ತರ. ಕಳೆದ ಸಲವೂ ಹೀಗೇ ನಂಬಿ ಬರೆದುಕೊಂಡಿದ್ದಳು, ಫಲಿತಾಂಶದ ದಿನ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ಈ ಸಲವೂ ತಪ್ಪಿದರೆ ಬೇರೆ ಕೆಲಸ ನೋಡಿಕೋ ಎಂದು ಕಂಪನಿಯವರು ಮುಖಕ್ಕೇ ಹೇಳಿದ್ದರು. ಈ ಜನರೋ, ಕೇಳದೆಯೇ ಚಹಾ ಕೊಡುತ್ತಾರೆ. ವೋಟಿನ ಮಾತಿಗೆ ಬಂದರೆ ಮಾತ್ರ ನಿಜಕ್ಕೆ ಬೀಗ.

ಧರೆಪ್ಪ ಎಮ್ಮೆಗೆ ನೀರು ಕುಡಿಸಲು ಹಿತ್ತಲಿಗೆ ಹೋದ. ಅವನ ಹೆಂಡತಿ ಅಕ್ಕವ್ವ ಚಹಾ ತಂದಳು. ಸಪನಾ ಬೇಸತ್ತು ಕೇಳಿದಳು: "ಕಾಕು, ನಿಮ್ದು ಬಿಡ್ರಿ. ಬಾಜು ಮನಿ ಜನಾಬಾಯಿ ಯಾರಿಗೆ ಹಾಕ್ತಾರ್ರಿ?"

ಅಕ್ಕವ್ವನ ಮುಖ ಅರಳಿತು. "ಆಕಿ? ಆಮದಾರರ ಎದುರು ನಿಂತಾನಲ್ಲ, ಆ ಹೊಸಬಗ! ಗಂಡ, ಮಗ, ಎಲ್ಲಾರೂ ಹೊಸಬಗ. ಅದರಾಚಿ ಮನ್ಯಾಗ ಅಣ್ಣ ಆಮದಾರಗ, ತಮ್ಮ ಹೊಸಬಗ. ಇನ್ನ ಅಂಗಡಿ ಧೂಳಪ್ಪ ಅದಾನಲ್ಲ..." ಚಹಾ ಆರುವಷ್ಟರಲ್ಲಿ ಇಡೀ ಓಣಿ ಸಪನಾಳ ಮೊಬೈಲಿನಲ್ಲಿತ್ತು.

ಬಾಜು ಮನೆಗೆ ಹೋದರೆ ಜನಾಬಾಯಿಯೇನೂ ಕಮ್ಮಿಯಿಲ್ಲ. "ಧರೆಪ್ಪಣ್ಣ ಒಬ್ಬನ ಆಮದಾರಗ. ಅಕ್ಕವ್ವ ಹೊಸಬಗ, ಅಂವ ಆಕಿ ತವರೂರು ಕಬ್ಬೂರಾಂವ. ಮಗಾ ಸೊಸಿನೂ ಆಕಿ ಕಡೆನ. ಊರಿಗೆಲ್ಲ ಗೊತ್ತೈತಿ, ಧರೆಪ್ಪಣ್ಣಗೊಬ್ಬಗ ಗೊತ್ತಿಲ್ಲ. ಪಾಪ, ಹೇಳಬ್ಯಾಡ ಮತ್ತ!"

ಸಪನಾ ಆಮೇಲೆ ಎಲ್ಲ ಊರಲ್ಲೂ ಬಾಜು ಮನೆಯದನ್ನೇ ಕೇಳಿದಳು.

ಹೊಸಬ ಗೆದ್ದ. ಟೀವಿಯವರ ಲೆಕ್ಕಗಳೆಲ್ಲ ಮಗುಚಿಬಿದ್ದವು, ಸಪನಾಳದು ಮಾತ್ರ ನಿಜವಾಯಿತು. ಕೆಲಸವೂ ಉಳಿಯಿತು. ಖುಷಿ ತಡೆಯಲಾರದೆ ಪೇಢೆ ಹಿಡಿದುಕೊಂಡು ಬೇಡಕಿಹಾಳದ ಬಸ್ಸು ಹತ್ತಿದಳು.

ಧರೆಪ್ಪನ ಮುಖ ಸಪ್ಪಗಿತ್ತು. "ಊರ ಮಂದಿ ಆಮದಾರರ ಕೈ ಬಿಟ್ಟ್ರು ತಂಗಿ. ನಮ್ಮನಿ ನಾಕ ವೋಟಾದ್ರೂ ಅವರಿಗೆ ಬಿದ್ದಾವಿಲ್ಲೋ? ನಿನ್ನ ಲೆಕ್ಕದಾಗ ಏನೈತಿ, ಖರೆ ಹೇಳು."

ಭಜಿಯ ತಾಟು ಹಿಡಿದು ಬರುತ್ತಿದ್ದ ಅಕ್ಕವ್ವ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ನಾಕಕ್ಕ ನಾಕೂ ಆಮದಾರರಿಗೇ ಬಿದ್ದಾವ್ರಿ ಕಾಕಾ," ಎಂದಳು ಸಪನಾ.

"ಕೇಳಿದೇನ?" ಧರೆಪ್ಪ ಹೆಂಡತಿಯ ಕಡೆ ಹೆಮ್ಮೆಯಿಂದ ನೋಡಿದ.

ಅಕ್ಕವ್ವ ಬಂದು, ಇಡೀ ತಾಟನ್ನು ಸಪನಾಳ ಮುಂದಿಟ್ಟಳು.