ಇಪ್ಪತ್ತು ದಿನದ ನೀರು

ಶಿವಮಲ್ಲಮ್ಮ ಎಳೆದ ಒಣಕಡ್ಡಿ ಸಲೀಸಾಗಿ ಕೈಗೆ ಬಂತು. ಅದರ ಬುಡದಲ್ಲಿ ಬೇರಿರಲಿಲ್ಲ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಗುರುತಿತ್ತು. ಎರಡನೆಯದನ್ನು ಎಳೆದಳು, ಮೂರನೆಯದನ್ನೂ. ನೇರಳೆ ಹೂ ಬಿಡುವ ಹನ್ನೊಂದು ಕೋನ್‌ಫ್ಲವರ್ ಗಿಡಗಳ ಬೇರುಗಳನ್ನು ಯಾರೋ ಅಗೆದೊಯ್ದು, ಅನುಮಾನ ಬಾರದಂತೆ ಕಡ್ಡಿಗಳನ್ನು ಅದೇ ಗುಳಿಗಳಲ್ಲಿ ನೆಟ್ಟಿದ್ದರು.

ಬೀಜದಿಂದ ಎಬ್ಬಿಸಿ ನಾಲ್ಕು ವರ್ಷ ಸಾಕಿದ ಗಿಡಗಳವು. ಬೇಸಿಗೆಯಲ್ಲಿ ಮೇಲೆಲ್ಲ ಒಣಗಿದರೂ ಬೇರು ಬದುಕಿರುತ್ತದೆ, ನೀರು ಕಂಡರೆ ಮತ್ತೆ ಚಿಗುರುತ್ತದೆ ಎಂಬುದನ್ನು ರಾಮಾಪುರದಲ್ಲಿ ಬಲ್ಲವರು ಇಬ್ಬರೇ: ಅವಳು, ಮತ್ತು ಅವಳೇ ಹೇಳಿಕೊಟ್ಟಿದ್ದ ತಮ್ಮ ರೇವಣ್ಣ. ಮಗಳ ಬಾಣಂತನಕ್ಕೆ ಯಳಂದೂರಿಗೆ ಹೋದಾಗ ಹಿತ್ತಲಿನ ಬೀಗದ ಕೈಯನ್ನು ಅವನಿಗೇ ಕೊಟ್ಟಿದ್ದಳು.

ರೇವಣ್ಣ ಎಂದಿನಂತೆ ತೊಟ್ಟಿಯಿಂದ ಕೊಡ ತುಂಬಿಕೊಂಡು ಬಂದವನು ಅಕ್ಕನ ಕೈ ನೋಡಿ ನಿಂತುಬಿಟ್ಟ. ಅವಳು ಕಡ್ಡಿಗಳನ್ನು ಒಂದೊಂದಾಗಿ, ಕೊಯ್ದ ತುದಿ ಅವನ ಕಡೆಗೆ ಬರುವಂತೆ, ನೆಲದ ಮೇಲೆ ಜೋಡಿಸಿದಳು.

“ನನ್ ಮಗಳು ಕೊಳ್ಳೇಗಾಲದ ಅವಳ ಮನೆ ಮುಂದಕ್ಕೆ ಬೇಕು ಅಂದ್ಲು ಕಣಕ್ಕ. ಕೇಳುದ್ರೆ ನೀ ಕೊಡಕಿಲ್ಲ ಅನ್ಕಂಡೆ.”

“ಕೇಳಿದ್ರೆ ನಾನೇ ಅಗುದು, ಮಣ್ಣಿನ ಸಮೇತ ಕೊಡ್ತಿದ್ನಲ್ಲೋ.”

ರೇವಣ್ಣ ಕೊಡ ಕೆಳಗಿಟ್ಟ.

“ಬೇರು ಓದ್ರೆ ಓಗ್ಲಿ. ನಾ ವಾಪಸ್ ಬಂದು ಇಪ್ಪತ್ತು ದಿನ ಆಯ್ತು. ‘ಇವತ್ತಲ್ಲ ನಾಳೆ ಚಿಗುರ್ತದೆ, ಉಯ್ಯಕ್ಕ’ ಅಂತ ದಿನಾ ಕೊಡ ತುಂಬಿ ನನ್ನ ಕೈಗೆ ಕೊಟ್ಯಲ್ಲ, ಅದ್ಯಾಕಪ್ಪ?”