ಲಿಂಕಿನ ಬಾಲ

ಅಕ್ಕ ಪರದೇಶಕ್ಕೆ ಹಾರುವ ಹುನ್ನಾರದಲ್ಲಿದ್ದಾಳೆ. ತಂಗಿಗೆ ಅನುಮಾನವೇ ಉಳಿಯಲಿಲ್ಲ.

ಆಗಿದ್ದಿಷ್ಟೇ. ಮಧ್ಯಾಹ್ನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ತಂಗಿಯ ಫೋನಿಗೆ ಅಕ್ಕ ಒಂದು ಲಿಂಕ್ ಕಳಿಸಿದಳು. ಕೋಟಿನ ಒಳಗೆ ಹಾಕುವ ಲೈನಿಂಗ್ ಬಟ್ಟೆ ಎಲ್ಲಿ ಸಿಗುತ್ತದೆಂದು ಹುಡುಕಿದ್ದಳಂತೆ. ತೆರೆದು ನೋಡಿದರೆ ಪಕ್ಕದ ಬೀದಿಯ ಬಟ್ಟೆ ಅಂಗಡಿಯ ಸುಳಿವೇ ಇಲ್ಲ. ಬಂದದ್ದೆಲ್ಲ ಕಡಲಾಚೆಯ ಅಂಗಡಿಗಳು. ಬೆಲೆಯ ಮುಂದಿನ ಗುರುತು ಕಂಡ ಕೂಡಲೇ ಅದು ಯಾವ ದೇಶದ್ದೆಂದು ತಂಗಿಗೆ ತಿಳಿದುಹೋಯಿತು.

ಕೈಚೀಲ ಬಗಲಿಗೇರಿಸಿ ಎದುರಿನ ಮೊಬೈಲ್ ರಿಪೇರಿಯವನ ಬಳಿ ಓಡಿದಳು. ಇತ್ತೀಚೆಗೆ ಅವಳಿಗೆ ನಾಲ್ಕು ಹೆಜ್ಜೆ ನಡೆಯುವುದಕ್ಕೂ ಆ ಚೀಲ ಬೇಕು.

“ಲಿಂಕಿನ ಬಾಲ ನೋಡಿ ಮೇಡಂ,” ಎಂದ ರಿಪೇರಿಯವನು. “ಇಲ್ಲಿ ಎರಡಕ್ಷರ ಇದೆಯಲ್ಲ, ಅದು ಆ ದೇಶದ ಗುರುತು. ಹುಡುಕುವಾಗ ಯಾವ ದೇಶ ಆರಿಸಿರ್ತಾರೋ ಅಲ್ಲಿನ ಅಂಗಡಿಗಳೇ ಬರ್ತವೆ. ಲಿಂಕ್ ಕಳಿಸಿದ್ರೆ ಬಾಲಾನೂ ಜೊತೆಗೆ ಹೋಗುತ್ತೆ.”

“ತಾನಾಗೇ ಬಂದಿರಬಹುದಾ?”

“ಇದು ಯಾರೋ ಕೈಯಾರೆ ಆರಿಸಿದ್ದು. ಆ ದೇಶದಲ್ಲಿ ಏನೋ ಕೆಲಸ ಇರೋರು. ತಮ್ಮ ಗುಟ್ಟು ತಾವೇ ಹಂಚ್ತಿದ್ದೀವಿ ಅಂತ ಪಾಪ, ಅವರಿಗೆ ಗೊತ್ತೇ ಇರಲ್ಲ.”

ಪಾಪವಂತೆ ಪಾಪ. ತಂಗಿ ಸಿಡಿಮಿಡಿಗೊಂಡೇ ರಸ್ತೆ ದಾಟಿದಳು. ಹನ್ನೆರಡು ವರ್ಷ ಇಬ್ಬರೂ ಸೇರಿ ಬೆನ್ನು ಬಾಗಿಸಿ ಕಟ್ಟಿದ ಅಂಗಡಿ. ಒಬ್ಬರಾದರೂ ನಿಲ್ಲದಿದ್ದರೆ ಬಾಗಿಲು ಹಾಕಬೇಕಾದದ್ದೇ. ಅಕ್ಕ ಹೊರಟುಬಿಟ್ಟರೆ ತನ್ನ ಗತಿಯೇನು? ಕತ್ತರಿ ಬಿಟ್ಟರೆ ಬೇರೇನೂ ಮುಟ್ಟದ ಅಕ್ಕನನ್ನು ಯಂತ್ರದ ಮುಂದೆ ಕೂರಿಸಿ, ಕಾಲರ್ ಹಚ್ಚುವುದು, ಗುಂಡಿಗೆ ಕಾಜ ಹೊಲಿಯುವುದು, ಎಲ್ಲವನ್ನೂ ತಿಂಗಳಿಡೀ ಹೇಳಿಕೊಟ್ಟದ್ದು ಇದಕ್ಕಾ?

ಅಕ್ಕ ಮೇಜಿನ ಬಳಿ ನಿಂತು ಅಂಗಿಯ ಹಳೆಯ ಕಾಗದದ ಮಾದರಿಗೆ ತೇಪೆ ಅಂಟಿಸುತ್ತಿದ್ದಳು. ಹೊಸ ಗಿರಾಕಿಗೆ ಹೊಸ ಕಾಗದ ಕತ್ತರಿಸುವ ಜಾಯಮಾನವೇ ಅವಳದಲ್ಲ. ಹಳೆಯದನ್ನೇ ಬಿಚ್ಚಿ, ತೋಳು ಉದ್ದ ಮಾಡಿ, ಸೊಂಟ ಸಣ್ಣ ಮಾಡಿ ಮುಗಿಸುವಳು. ಆ ಒಂದೇ ಮಾದರಿಯಲ್ಲಿ ಅರ್ಧ ಊರು ಅಂಗಿ ತೊಟ್ಟಿದೆ.

“ಅಕ್ಕಾ, ನನ್ನ ಹತ್ರ ಏನಾದ್ರೂ ಮುಚ್ಚಿಡ್ತಿದ್ದೀಯಾ?”

“ಅದನ್ನ ನೀನು ಕೇಳ್ತಿದ್ದೀಯಾ?” ಅಕ್ಕ ತಲೆಯೆತ್ತಲಿಲ್ಲ.

“ಸುತ್ತಿ ಬಳಸಿ ಮಾತಾಡಬೇಡ. ನಡುನೀರಲ್ಲಿ ಕೈಬಿಟ್ಟು ಹೋಗೋರು ಬಾಯಿಬಿಟ್ಟು ಹೇಳಿಯಾದ್ರೂ ಹೋಗಬೇಕು.”

“ಹೌದು, ಹೇಳಿ ಹೋಗಬೇಕು.”

ತಂಗಿ ಫೋನನ್ನು ಅಕ್ಕನ ಮುಂದೆ ಇಟ್ಟಳು. “ಹಾಗಾದ್ರೆ ಈ ಬಾಲ ಎಲ್ಲಿಂದ ಬಂತು? ಆ ದೇಶದಲ್ಲಿ ನಿನಗೇನು ಕೆಲಸ?”

ಅಕ್ಕ ಕನ್ನಡಕ ಏರಿಸಿ ಅವಳನ್ನೇ ನೋಡಿದಳು. ಮುಖದಲ್ಲಿ ನಗುವಿತ್ತು, ಕಣ್ಣು ಮಾತ್ರ ತುಂಬಿಕೊಂಡಿತ್ತು.

“ನಾನು ಯಾವತ್ತು ಹೊಸ ಕಾಗದ ತಗೊಂಡಿದ್ದೀನಿ? ಬುಧವಾರ ನೀನು ಅವಸರದಲ್ಲಿ, ನೋಡದೇ, ಗುಂಡಿಯ ಲಿಂಕ್ ಕಳಿಸಿದ್ದೆಯಲ್ಲ, ಅದನ್ನೇ ತೆರೆದು, ಹುಡುಕೋ ಜಾಗದಲ್ಲಿ ಗುಂಡಿ ಅನ್ನೋದನ್ನ ಅಳಿಸಿ ಲೈನಿಂಗ್ ಅಂತ ಬರೆದೆ. ಬಾಲ ನಿಂದೇ. ನೀನಾಗೇ ಹೇಳ್ತೀಯಾ ಅಂತ ಅವತ್ತಿಂದ ಕಾಯ್ತಿದ್ದೀನಿ.”

ತಂಗಿಯ ಕೈ ತಾನಾಗಿಯೇ ಕೈಚೀಲವನ್ನು ಒತ್ತಿ ಹಿಡಿಯಿತು. ಆ ದೇಶದ ಹೊಲಿಗೆ ಕಾರ್ಖಾನೆಯ ನೇಮಕ ಪತ್ರವನ್ನು ಅದರೊಳಗೆ ಮಡಿಸಿಟ್ಟು ಇಂದಿಗೆ ಸರಿಯಾಗಿ ಒಂದು ತಿಂಗಳಾಗಿತ್ತು.